ಅಕ್ಕನ ಅಳತೆ

ಕಣ್ಣಾಸ್ಪತ್ರೆಯ ಮೂರನೇ ಕೌಂಟರಿನಲ್ಲಿ ಕೂತಿದ್ದ ಗುಮಾಸ್ತೆಗೆ ತಲೆಯೆತ್ತಿ ನೋಡುವ ಅಭ್ಯಾಸವಿರಲಿಲ್ಲ. ಅಮ್ಮನ ವಯಸ್ಸು ಕೇಳಿದಳು, ಎಪ್ಪತ್ತೆಂಟು ಎಂದು ಬರೆದುಕೊಂಡಳು. ಸಕ್ಕರೆ ಕಾಯಿಲೆ ಇದೆಯೇ? ಇಲ್ಲ. ರಕ್ತದೊತ್ತಡ? ಸ್ವಲ್ಪ. ಆಮೇಲೆ ಫಾರಮ್ಮಿನ ಹಿಂಭಾಗ ತಿರುವಿದಳು.

“ತಾಯಿಗೆ ಕಣ್ಣಿನ ತೊಂದರೆ ಇತ್ತಾ?”

“ಗೊತ್ತಿಲ್ಲ,” ಎಂದಳು ಅಮ್ಮ.

“ತಂದೆಗೆ?”

“ಗೊತ್ತಿಲ್ಲ.”

“ಸ್ವಲ್ಪ ನೆನಪು ಮಾಡ್ಕೊಳ್ಳಿ ಅಜ್ಜಿ. ಡಾಕ್ಟರು ಮೊದಲು ನೋಡೋದೇ ಇದನ್ನ.”

“ಇದ್ದಿದ್ರೆ ತಾನೆ ನೆನಪು ಮಾಡ್ಕೊಳ್ಳೋದು? ತಂದೆ ತಾಯಿ ಇಲ್ಲ ಅಂತ ಬರ್ಕೊಳ್ಳಮ್ಮ.”

ಆಗ ಗುಮಾಸ್ತೆ ತಲೆಯೆತ್ತಿದಳು. “ಅವರಿಲ್ದೆ ನೀವು ಹೇಗೆ ಬಂದ್ರಿ?”

“ಬಸ್ಸಲ್ಲಿ.”

ಸಾಲಿನಲ್ಲಿ ನಮ್ಮ ಹಿಂದೆ ನಿಂತವರು ನಕ್ಕರು. ಅಮ್ಮ ಯಾವಾಗಲೂ ಹೀಗೆಯೇ, ನೋಯುವ ಜಾಗದಲ್ಲಿ ತಾನೇ ಮೊದಲು ತಮಾಷೆ ಮಾಡಿಬಿಡುತ್ತಾಳೆ. ಗುಮಾಸ್ತೆ ಎರಡೂ ಕಾಲಮ್ಮಿಗೆ ಅಡ್ಡಗೆರೆ ಎಳೆದು ಒಡಹುಟ್ಟಿದವರ ವಿಷಯಕ್ಕೆ ಬಂದಳು.

“ಒಬ್ಬಳು ಅಕ್ಕ ಇದ್ಲು. ಅವಳ ಕಣ್ಣಿಗೇನು ಧಾಡಿ? ಹೆತ್ತವಳ ಮಗ್ಗುಲಲ್ಲೇ ಬೆಳೆದೋಳು.”

“ಹಾಗಾದ್ರೆ ತೊಂದರೆ ಇಲ್ಲ ಅಂತ ಬರೀಲಾ?”

“ನನಗೇನು ಗೊತ್ತು? ಅವಳ ಮುಖ ನೋಡಿದೋರು ಯಾರು?”

ಅಲ್ಲೂ ಒಂದು ಅಡ್ಡಗೆರೆ ಬಿತ್ತು.

ಡಾಕ್ಟರು ಒಳ್ಳೆಯವರು, ಆದರೆ ಮುಚ್ಚಿಟ್ಟು ಮಾತಾಡುವವರಲ್ಲ. ಬಲಗಣ್ಣು ಹೋಗಿದೆ, ಅದು ತಿರುಗಿ ಬರುವುದಿಲ್ಲ ಎಂದರು. ಎಡಗಣ್ಣಿನಲ್ಲಿ ಕೊಳವೆಯೊಳಗಿಂದ ನೋಡಿದಷ್ಟು ಉಳಿದಿದೆ. ದಿನಕ್ಕೆ ಎರಡು ಸಲ ಔಷಧಿ ಹಾಕಿ, ಆರು ವಾರ ಬಿಟ್ಟು ಬನ್ನಿ, ಇದ್ದಷ್ಟನ್ನು ಉಳಿಸಲು ನೋಡೋಣ, ಮಾತು ಕೊಡಲಾರೆ ಎಂದರು. ಬಲ್ಬಿನ ಸುತ್ತ ಬಣ್ಣದ ಬಳೆ ಕಾಣುತ್ತದೆ ಎಂದು ಅಮ್ಮ ಹೇಳಿದಾಗ ತಲೆಯಾಡಿಸಿ ಬರೆದುಕೊಂಡರು. ಕೊನೆಗೆ ನನ್ನ ಕಡೆ ತಿರುಗಿದರು.

“ಇದು ವಂಶದಲ್ಲಿ ಬರೋ ಕಾಯಿಲೆ. ನೀವೇನು ಕೆಲಸ ಮಾಡ್ತೀರಿ?”

“ಹೊಲಿಗೆ.”

“ಹಾಗಾದ್ರೆ ನೀವೂ ತೋರಿಸ್ಕೊಳ್ಳಿ. ಹಿಂದಿನವರಲ್ಲಿ ಯಾರಿಗಿತ್ತು, ಯಾವ ವಯಸ್ಸಿಗೆ ಶುರುವಾಯ್ತು ಅಂತ ಗೊತ್ತಾದ್ರೆ ಒಳ್ಳೇದು.”

ನನಗೆ ಮೂಗಿನ ತುದಿಯಲ್ಲೇ ಕೋಪ. ನಮ್ಮ ಬೀದಿಯಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಬಸ್ಸಿನಲ್ಲಿ ಅಮ್ಮನ ಫೈಲು ತೊಡೆಯ ಮೇಲಿಟ್ಟುಕೊಂಡು ಆ ಮೂರು ಅಡ್ಡಗೆರೆಗಳನ್ನು ನೋಡುತ್ತ ಕೂತವಳಿಗೆ ನೆತ್ತಿಗೇರಿತು. ಐವತ್ತೆರಡು ವರ್ಷ ಈ ಅಡ್ಡಗೆರೆಗಳ ಜೊತೆಯಲ್ಲೇ ಬದುಕಿದ್ದೇನೆ. ಅಮ್ಮನಿಗೆ ಯಾರೂ ಇಲ್ಲ ಎಂಬುದು ನಮ್ಮ ಮನೆಯ ಗೋಡೆಯ ಹಾಗೆ, ಇದೆ, ಅಷ್ಟೆ, ಅದನ್ನು ಯಾರೂ ತಟ್ಟಿ ನೋಡಿರಲಿಲ್ಲ. ಆ ಎಡಗಣ್ಣು ಆರುವುದರೊಳಗೆ ಅಮ್ಮನಿಗೆ ಅವಳ ಹೆತ್ತವರ ಗುರುತು ಏನಾದರೂ ತೋರಿಸಲೇಬೇಕು ಎಂದು ನಾನು ಆ ಬಸ್ಸಿನಲ್ಲೇ ತೀರ್ಮಾನ ಮಾಡಿದೆ.

ನಮಗೆ ಗೊತ್ತಿದ್ದದ್ದು ಇಷ್ಟು. ಅಮ್ಮನನ್ನು ಸಾಕಿದವರು ಗಡಿಯಾರ ರಿಪೇರಿ ಮಾಡುತ್ತಿದ್ದ ಒಬ್ಬರು, ನನಗೆ ಅವರು ಗಡಿಯಾರದಜ್ಜ. ಅವರಿಗೂ ಅಜ್ಜಿಗೂ ಬಹಳ ಕಾಲ ಮಕ್ಕಳಾಗಿರಲಿಲ್ಲ. ವರ್ಷ ತುಂಬಿದ ಕೂಸೊಂದನ್ನು ಎಲ್ಲಿಂದಲೋ ತಂದು ಸಾಕಿಕೊಂಡರು. ಎರಡು ವರ್ಷಕ್ಕೆ ಅವರಿಗೇ ಒಬ್ಬ ಮಗ ಹುಟ್ಟಿದ. ನೀನು ಸಾಕಿದ ಮಗಳಂತೆ ಎಂದು ಶಾಲೆಯಲ್ಲಿ ಯಾರೋ ಅಮ್ಮನಿಗೆ ಹೇಳಿದ ದಿನ ಅವಳು ಅಳುತ್ತ ಬಂದು ಕೇಳಿದಳಂತೆ. “ನಿನ್ನಮ್ಮ ನಾನೇ,” ಎಂದರಂತೆ ಅಜ್ಜಿ. ಆ ಮಾತಿಗೆ ಅಲ್ಲಿಗೆ ಬೀಗ ಬಿತ್ತು. ಗಡಿಯಾರದಜ್ಜನಂತೂ ಕಣ್ಣಿಗೆ ಭೂತಕನ್ನಡಿ ಸಿಕ್ಕಿಸಿಕೊಂಡರೆ ಮೂರು ಮಾತಿಗೆ ಒಂದು ಉತ್ತರ ಕೊಡುತ್ತಿದ್ದ ಮನುಷ್ಯ.

ಆದರೆ ವರ್ಷಕ್ಕೊಮ್ಮೆ ಅಮ್ಮನಿಗೆ ಪಾರ್ಸೆಲಿನಲ್ಲಿ ಫ್ರಾಕು ಬರುತ್ತಿತ್ತು, ಅದರ ಬೆನ್ನಿಗೇ ಬೇರೆ ಲಕೋಟೆಯಲ್ಲಿ ಒಂದು ಕಾಗದವೂ. ಯಾರು ಕಳಿಸಿದ್ದು ಎಂದರೆ, ಅಕ್ಕ. ಅಷ್ಟೇ ಉತ್ತರ. ಆ ಒಂದು ಮಾತಿನಿಂದ ಅಮ್ಮ ತನ್ನ ಇಡೀ ಕಥೆ ಕಟ್ಟಿಕೊಂಡಳು. ಹೆತ್ತವಳಿಗೆ ಇಬ್ಬರು ಹೆಣ್ಣುಮಕ್ಕಳು, ದೊಡ್ಡವಳನ್ನು ಇಟ್ಟುಕೊಂಡಳು, ಚಿಕ್ಕವಳನ್ನು ಕೊಟ್ಟಳು. “ಅವಳನ್ನ ಇಟ್ಕೊಂಡ್ರು, ನನ್ನನ್ನ ಕೊಟ್ರು,” ಎಂಬುದನ್ನು ನಾನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಅನ್ನುವಾಗ ಅಮ್ಮನ ಮುಖ ಹತ್ತು ವರ್ಷದ ಹುಡುಗಿಯದಾಗುತ್ತಿತ್ತು. ಹೆತ್ತವಳಿಗಿಂತ ಹೆಚ್ಚಾಗಿ ಆ ಅಕ್ಕನ ಮೇಲೇ ಅವಳಿಗೆ ಸಿಟ್ಟು.

ಬಸ್ಸಿಳಿದ ತಕ್ಷಣ ಮಾವನಿಗೆ ಫೋನು ಮಾಡಿದೆ. ಗಡಿಯಾರದಜ್ಜನ ಮಗ. ಚಿಕ್ಕಂದಿನಲ್ಲಿ ಅಂಚೆಚೀಟಿಯ ಹುಚ್ಚಿತ್ತು, ಈಗಲೂ ನಮ್ಮೆಲ್ಲರಿಗೂ ಸ್ಟಾಂಪ್ ಮಾವ.

“ಮಾವ, ಫ್ರಾಕಿನ ಜೊತೆ ಬರ್ತಿದ್ದ ಕಾಗದಗಳು ಅಜ್ಜಿ ಟ್ರಂಕಲ್ಲಿದ್ವಲ್ಲ, ಎಲ್ಲಿ?”

“ಹಳೇ ಕಸ ಕಣೆ ಅದು. ಇಲಿ ತಿಂದಿರ್ಬೇಕು.”

“ಇಲಿ ಹೊಟ್ಟೇಲಿದ್ರೂ ಹುಡುಕ್ತೀನಿ. ಬೆಳಿಗ್ಗೆ ಬರ್ತೀನಿ, ಟ್ರಂಕು ಕೆಳಗಿಳಿಸಿಟ್ಟಿರಿ.”

“ನಿನ್ನ ಹಠಕ್ಕೆ ನಿಮ್ಮಪ್ಪನೇ ಸರಿ ಇದ್ದ,” ಎಂದು ಗೊಣಗಿದರೂ ಇಳಿಸಿಟ್ಟಿದ್ದರು. ತಳದಲ್ಲಿ ಬಿಸ್ಕತ್ತಿನ ಡಬ್ಬಿಯೊಂದಿತ್ತು. ಡಬ್ಬಿಯಲ್ಲಿ ಹನ್ನೊಂದು ಲಕೋಟೆಗಳು, ಅವುಗಳ ಕೆಳಗೆ ಮಡಚಿಟ್ಟ ಒಂದು ಹಳದಿ ಫ್ರಾಕು. ಮೊದಲನೇ ಲಕೋಟೆ ಎತ್ತಿ ನೋಡಿದರೆ ಸ್ಟಾಂಪು ಇರಬೇಕಾದ ಮೂಲೆಯಲ್ಲಿ ಚೌಕದ ತೂತು. ಎರಡನೆಯದರಲ್ಲೂ ತೂತು. ಹನ್ನೊಂದರಲ್ಲೂ ತೂತು. ಮುದ್ರೆಯಿಲ್ಲ, ಊರಿಲ್ಲ, ಇಸವಿಯಿಲ್ಲ. ಒಳಗಿನ ಕಾಗದ ತೆಗೆದೆ. ಕಾಗದ ಒಳಗಿರುವಾಗಲೇ ಕತ್ತರಿ ಆಡಿಸಿದ್ದರಿಂದ ಮಡಿಕೆ ಬಿಚ್ಚಿದರೆ ಒಂದೊಂದರಲ್ಲೂ ನಾಲ್ಕು ನಾಲ್ಕು ಕಡೆ ಕಿಟಕಿ. ಬರೆದವರು ಊರು, ತಾರೀಖು ಹಾಕಿರಬಹುದಾದ ಬಲಮೂಲೆಯೇ ಮೊದಲು ಹೋಗಿತ್ತು.

“ಮಾವ, ಇದೇನಿದು?”

ಮಾವ ಕನ್ನಡಕ ಒರೆಸಿಕೊಂಡರು. “ಆಗ ನನಗೆ ಹತ್ತು ವರ್ಷ ಕಣೆ.”

“ನೀರಲ್ಲಿ ನೆನೆಸಿ ಬಿಡಿಸ್ಕೋಬಾರದಿತ್ತಾ?”

“ಅಷ್ಟು ತಾಳ್ಮೆ ಯಾರಿಗಿತ್ತು?”

“ಹೋಗ್ಲಿ, ಆಲ್ಬಮ್ ಕೊಡಿ. ಮುದ್ರೆ ಅರ್ಧಂಬರ್ಧವಾದ್ರೂ ಇರುತ್ತಲ್ಲ.”

ಮಾವ ಕಿಟಕಿಯ ಕಡೆ ನೋಡಿದರು. “ಅದನ್ನ ಸೈಕಲ್ ಅಂಗಡಿಯೋನಿಗೆ ಕೊಟ್ಟು ಒಂದು ಬೆಲ್ ತಗೊಂಡೆ.”

ಬಾಯಿಗೆ ಬಂದದ್ದನ್ನು ಅಂದುಬಿಡುತ್ತಿದ್ದೆ, ಅಷ್ಟರಲ್ಲಿ ಅತ್ತೆ ಟೀ ತಂದಿಟ್ಟರು. ಡಬ್ಬಿಯನ್ನು ಎದೆಗವಚಿಕೊಂಡು ಎದ್ದೆ. ಹೊರಡುವಾಗ ಮಾವ ಬಾಗಿಲವರೆಗೂ ಬಂದು, “ಅಕ್ಕಂಗೆ ಬೇಜಾರು ಮಾಡ್ಬೇಡ ಕಣೆ. ಅವಳು ಆ ಕಾಗದಗಳನ್ನ ಮುಟ್ಟಿದೋಳೇ ಅಲ್ಲ,” ಎಂದರು. ಅವರಿಗೆ ನಮ್ಮಮ್ಮನೇ ಅಕ್ಕ.

ಮಾವ ಹೇಳಿದ್ದು ನಿಜ. ಡಬ್ಬಿ ನೋಡಿದ್ದೇ ಅಮ್ಮ ಮುಖ ತಿರುಗಿಸಿದಳು. “ಆ ಹೆಂಗಸಿನ ಮಾತು ನನ್ನ ಮುಂದೆ ಎತ್ಬೇಡ,” ಎಂದಳು. ಸರಿ, ಎತ್ತಲಿಲ್ಲ. ಡಬ್ಬಿಯನ್ನು ಅಂಗಡಿಗೆ ಒಯ್ದೆ.

ನನ್ನ ಅಂಗಡಿ ಎಂದರೆ ಒಂದು ಹೊಲಿಗೆ ಮಿಷನ್ನು, ಬಟ್ಟೆ ಕತ್ತರಿಸುವ ಉದ್ದನೆಯ ಮೇಜು, ಒಂದು ನಿಲುವುಗನ್ನಡಿ, ಗೋಡೆಯ ಮೇಲೆ ಅಪ್ಪನ ಫೋಟೋ. ಅಂಗಡಿ ಕಟ್ಟಿದ್ದು ಅಪ್ಪನೇ. ಮೇಜಿನ ಮೇಲೆ ಹನ್ನೊಂದು ಕಾಗದಗಳನ್ನೂ ಹರವಿ ಓದುತ್ತ ಹೋದೆ. ತಾರೀಖಿಲ್ಲದ ಕಾಗದಗಳಿಗೆ ಹಿಂದುಮುಂದು ಗೊತ್ತಾಗುವುದು ಹೇಗೆ ಎಂದು ತಲೆ ಕೆಡಿಸಿಕೊಂಡವಳಿಗೆ ನಾಲ್ಕನೇ ಕಾಗದದ ಹೊತ್ತಿಗೆ ನಗು ಬಂತು. ಒಂದನ್ನು ಬಿಟ್ಟು ಪ್ರತಿ ಕಾಗದವೂ ಒಂದೇ ರೀತಿ ಶುರುವಾಗುತ್ತಿತ್ತು. “ಮಾನ್ಯರಿಗೆ, ನೀವು ಬರೆದ ಅಳತೆ ಸಿಕ್ಕಿತು. ಎದೆ ಇಪ್ಪತ್ತೆರಡು, ಉದ್ದ ಇಪ್ಪತ್ತೊಂದು, ತೋಳು ಐದೂವರೆ.” ಬಂದ ಅಳತೆಯನ್ನು ತಿರುಗಿ ಹೇಳಿ ಖಚಿತ ಮಾಡಿಕೊಳ್ಳುವುದು ನಮ್ಮ ಕಸುಬಿನ ಅಭ್ಯಾಸ. ಬರೆದವಳು ನಮ್ಮವಳೇ, ಕತ್ತರಿ ಹಿಡಿದವಳೇ. ಮಗುವಿನ ಎದೆಯ ಅಳತೆ ಹೇಳಿದರೆ ನಾನು ವಯಸ್ಸು ಹೇಳುತ್ತೇನೆ, ಮೂವತ್ತು ವರ್ಷದಿಂದ ಅದನ್ನೇ ಮಾಡಿಕೊಂಡು ಬಂದಿದ್ದೇನೆ. ಹದಿನೆಂಟು ಇಂಚು ಎಂದರೆ ಒಂದು ವರ್ಷ. ಇಪ್ಪತ್ತೆರಡು ಎಂದರೆ ನಾಲ್ಕು. ಇಪ್ಪತ್ತಾರು ಎಂದರೆ ಎಂಟು. ಸ್ಟಾಂಪ್ ಮಾವ ಕತ್ತರಿಸಿ ಎಸೆದ ತಾರೀಖುಗಳನ್ನು ಟೇಪು ಹಿಡಿದು ಒಂದೊಂದಾಗಿ ಕಾಗದಗಳ ಮೇಲೆ ಕೂರಿಸಿದೆ.

ಸಾಲಾಗಿ ಜೋಡಿಸಿದ ಮೇಲೆ ಸ್ವಲ್ಪ ಹಿಂದೆ ಸರಿದು ನಿಂತು ನೋಡಿದೆ. ಮೊದಲ ಕಾಗದದ ಅಕ್ಷರಗಳು ಸಾಸಿವೆ ಕಾಳಿನಷ್ಟು, ಗೆರೆ ಎಳೆದ ಹಾಗೆ ನೇರ. ಐದನೆಯದರಲ್ಲಿ ಅಕ್ಷರ ಬಟಾಣಿಯಷ್ಟಾಗಿತ್ತು. ಎಂಟನೆಯದರಲ್ಲಿ ಸಾಲುಗಳು ಇಳಿಜಾರಿಗೆ ಬಿದ್ದಿದ್ದವು. ಕೊನೆಯ ಎರಡರಲ್ಲಿ ಒಂದು ಸಾಲಿನ ಮೇಲೆ ಇನ್ನೊಂದು ಸಾಲು ಹತ್ತಿ ಕೂತಿತ್ತು. ಆರನೇ ಕಾಗದದಲ್ಲಿ, ಕಿಟಕಿಯ ಅಂಚಿನಲ್ಲಿ ಉಳಿದುಕೊಂಡಿದ್ದ ಸಾಲೊಂದು ಹೀಗಿತ್ತು: “ದೀಪದ ಸುತ್ತ ಬಣ್ಣದ ಬಳೆ ಕಾಣುತ್ತದೆ, ಕಾಜ ಹೊಲಿಯುವುದು ಕಷ್ಟವಾಗಿದೆ.”

ಸ್ಟೂಲು ಎಳೆದುಕೊಂಡು ಕೂತು ಆ ಸಾಲನ್ನು ಮತ್ತೆ ಓದಿದೆ. ಅಡ್ಡಗೆರೆಗಳಲ್ಲಿ ಒಂದಕ್ಕೆ ಉತ್ತರ ಸಿಕ್ಕಿತ್ತು.

ಆಮೇಲೆ ಹಳದಿ ಫ್ರಾಕನ್ನು ಬಿಡಿಸಿದೆ. ಒಂದು ಸಲವೂ ಒಗೆಯದ ಬಟ್ಟೆ. ಒಂದು ತೋಳು ಇನ್ನೊಂದಕ್ಕಿಂತ ಒಂದಿಂಚು ಉದ್ದ. ಬೆನ್ನಿನ ಬಲಭಾಗದ ತುಂಡು ಒಳಮೈ ಹೊರಗಾಗಿ ಹೊಲಿಗೆ ಬಿದ್ದಿತ್ತು, ಹೂವಿನ ಅಚ್ಚು ಮಂಕು ಮಂಕು. ಎಲ್ಲವೂ ಕೈಹೊಲಿಗೆ. ಎರಡೆರಡು ಬೆರಳಿಗೊಂದು ಗಂಟು, ಮುಂದಿನ ಹೊಲಿಗೆ ಎಲ್ಲಿ ಹಾಕಬೇಕೆಂದು ಬೆರಳಿಗೆ ಗೊತ್ತಾಗಲಿ ಎಂದು ಹಾಕಿದ ಗಂಟು. ಆದರೆ ಹೊಲಿಗೆ ಎಲ್ಲೂ ಬಿಟ್ಟಿರಲಿಲ್ಲ. ಎಳೆದು ನೋಡಿದೆ, ಅರವತ್ತೆಂಟು ವರ್ಷದ ಮೇಲೂ ಜಗ್ಗಲಿಲ್ಲ.

ಅಂದು ಸಂಜೆ ಅಮ್ಮನ ಮಾತು ಮೀರಿದೆ. “ನಿನ್ನ ಅಕ್ಕನಿಗೂ ಇದೇ ಕಣ್ಣಿನ ಕಾಯಿಲೆ ಇತ್ತು ಅಮ್ಮ. ಆ ಹಳದಿ ಫ್ರಾಕು ಕಣ್ಣು ಕಾಣದೆ ಹೊಲಿದದ್ದು,” ಎಂದೆ.

“ನಾನೇ ಬೇಡ ಅಂದಿದ್ದು,” ಎಂದಳು ಅಮ್ಮ. “ಸೊಟ್ಟಸೊಟ್ಟ ಹೊಲಿದು ಕಳಿಸಿದ್ಲು ಅಂತ ಸಿಟ್ಟು ಬಂತು. ಬೇಡದ ತಂಗಿ ತಾನೆ, ಬೇಕಾಬಿಟ್ಟಿ ಹೊಲಿದ್ರೆ ಸಾಕು ಅಂದ್ಕೊಂಡ್ಲು ಅಂತ. ಇನ್ಮೇಲೆ ಕಳಿಸೋದು ಬೇಡ ಅಂತ ಬರೀರಿ ಅಂದೆ. ಅಮ್ಮನ ಕೈಲಿ ಬರೆಸ್ದೆ, ನನ್ನೆದುರಿಗೇ.”

“ಗೊತ್ತಿರ್ಲಿಲ್ಲವಲ್ಲ ನಿನಗೆ.”

ಆಗ ಅವಳಿಗೆ ತಟ್ಟನೆ ರೇಗಿತು. “ಕಣ್ಣಿರಲಿಲ್ಲ, ಸರಿ. ಕಾಲಿತ್ತಲ್ಲ? ಬಾಯಿತ್ತಲ್ಲ? ಒಂದು ದಿನ ಬಂದು ನೋಡಬಹುದಿತ್ತಲ್ಲ? ಬರೋದು ಯಾಕೆ, ಅವಳಿಗೆ ಅವಳ ಅಮ್ಮ ಇದ್ಲು!”

ಎದ್ದು ಒಳಗೆ ಹೋಗುವಾಗ ಬಾಗಿಲ ಚೌಕಟ್ಟಿಗೆ ಭುಜ ತಾಗಿಸಿಕೊಂಡಳು. ಬಲಗಡೆ ಇರುವುದೇನೂ ಅವಳಿಗೆ ಕಾಣುವುದಿಲ್ಲ. ಹುಡುಕಿ ಹುಡುಕಿ ನಾನು ತಂದುಕೊಟ್ಟದ್ದು ಅಮ್ಮನಿಗೆ ಇನ್ನೊಂದು ಮುಳ್ಳು, ಅಷ್ಟೆ. ಇಲ್ಲಿಗೆ ಬಿಟ್ಟುಬಿಡು ಎಂದು ಬುದ್ಧಿ ಹೇಳಿತು. ಆದರೆ ಅರ್ಧ ಹೊಲಿದ ಬಟ್ಟೆಯನ್ನು ನಾನು ಇದುವರೆಗೆ ಯಾರಿಗೂ ಕಟ್ಟಿಕೊಟ್ಟವಳಲ್ಲ. ಮಾರನೆಯ ದಿನದಿಂದ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಆ ಹನ್ನೊಂದು ಕಾಗದಗಳನ್ನು ಮತ್ತೆ ಮತ್ತೆ ಓದಿದೆ. ಮಿಷನ್ನಿಗೆ ದಾರ ಸುತ್ತುವಾಗ ಓದಿದೆ, ಗಿರಾಕಿಗಳು ಇಲ್ಲದಾಗ ಓದಿದೆ. ಎಲ್ಲದರ ಕೊನೆಗೂ ಒಂದೇ ಸಹಿ, “ಇಂತಿ, ಅಕ್ಕ.” ಹೆತ್ತವಳ ಸುದ್ದಿ ಎಲ್ಲಿಯೂ ಇಲ್ಲ. ಅಮ್ಮ ಹೇಗಿದ್ದಾಳೆ, ಸತ್ತಳೋ ಬದುಕಿದಳೋ, ಒಂದು ಅಕ್ಷರವೂ ಇಲ್ಲ. ಮನೆ ತುಂಬ ತಮ್ಮಂದಿರು, ತಂಗಿಯರು, ಅವರ ಶಾಲೆ, ಅವರ ಜ್ವರ, ಕಿಟಕಿಗಳ ನಡುವೆ ಯಾರದೋ ಕಷ್ಟದ ಒಂದೆರಡು ತುಂಡು ಸಾಲು, ಇಷ್ಟೇ. ಇದೆಂಥ ಮಗಳು ಇವಳು, ತಾಯಿಯ ಸುದ್ದಿಯನ್ನೇ ಬರೆಯದವಳು ಎಂದು ನನಗೂ ಅವಳ ಮೇಲೆ ಸಿಟ್ಟು ಬರತೊಡಗಿತು.

ಮೂರು ವಾರ ಕಳೆಯಿತು. ಒಂದು ಮಧ್ಯಾಹ್ನ ಕಾಲೇಜಿನ ಹುಡುಗಿಯೊಬ್ಬಳು ಪ್ಯಾಂಟು ಗಿಡ್ಡ ಮಾಡಿಸಲು ಬಂದಳು. ನಾನು ಅವಳ ಕಾಲಬುಡದಲ್ಲಿ ಕೂತು ಬಾಯಲ್ಲಿ ಗುಂಡುಪಿನ್ನು ಕಚ್ಚಿಕೊಂಡು ಅಂಚು ಮಡಚುತ್ತಿದ್ದೆ. ಅವಳಿಗೆ ಹೊತ್ತು ಹೋಗಬೇಕಲ್ಲ, ಗೋಡೆ ನೋಡುತ್ತಿದ್ದಳು.

“ಆ ಫೋಟೋದಲ್ಲಿರೋದು ಯಾರು ಆಂಟಿ?”

ಪಿನ್ನು ತೆಗೆದು ಹೇಳಿದೆ. “ನಮ್ಮಣ್ಣ.”

“ನಿಮಗಿಂತ ತುಂಬಾ ದೊಡ್ಡೋರಾ? ನಿಮ್ಮಪ್ಪನ ಥರ ಕಾಣ್ತಾರೆ.”

“ಅಪ್ಪನೇ ಕಣಮ್ಮ. ಕರೀತಿದ್ದಿದ್ದು ಅಣ್ಣ ಅಂತ.”

ಹುಡುಗಿಗೆ ನಗು. “ಅಪ್ಪನ್ನ ಯಾರಾದ್ರೂ ಅಣ್ಣ ಅಂತಾರಾ?”

“ಮನೇಲಿ ಎಲ್ಲರೂ ಕರೆಯೋದನ್ನೇ ತಾನೆ ಕೂಸು ಕಲಿಯೋದು? ಚಿಕ್ಕಪ್ಪಂದಿರು ಅಣ್ಣ ಅಂತಿದ್ರು, ಅಂಗಡಿಯೋರು ಅಣ್ಣ ಅಂತಿದ್ರು, ನಾನೂ ಅಣ್ಣ ಅಂದೆ. ದೊಡ್ಡ ಮನೆಗಳಲ್ಲಿ ಹಾಗೇ. ಅಮ್ಮನ್ನ ಅಕ್ಕ ಅನ್ನೋರು ಬೇಕಾದಷ್ಟು...”

ನನ್ನ ಮಾತು ನನ್ನ ಕಿವಿಗೇ ಬಿತ್ತು. ಪಿನ್ನು ಬೆರಳಿಗೆ ಚುಚ್ಚಿತು, ಅದು ತಿಳಿದದ್ದು ಆಮೇಲೆ.

“ಆಂಟಿ, ಏನಾಯ್ತು?”

“ಏನಿಲ್ಲ. ಪ್ಯಾಂಟು ನಾಳೆ ತಗೊಂಡು ಹೋಗು. ಈಗ ಅಂಗಡಿ ಮುಚ್ತೀನಿ.”

ಅವಳನ್ನು ಹೆಚ್ಚುಕಡಿಮೆ ತಳ್ಳಿಯೇ ಕಳಿಸಿ ಡಬ್ಬಿ ತೆರೆದೆ. ಮೊದಲನೇ ಕಾಗದ, ಹದಿನೆಂಟು ಇಂಚಿನದು. “ಫ್ರಾಕು ಯಾರು ಕಳಿಸಿದರೆಂದು ಮುಂದೆ ಕೇಳಿದರೆ ಅಕ್ಕ ಎನ್ನಿ. ಈಗ ಅದಕ್ಕೆ ಬರುವ ಮಾತು ಅದೊಂದೇ.” ಇದನ್ನು ನಾನು ಮೂವತ್ತು ಸಲವಾದರೂ ಓದಿದ್ದೆ. ವರ್ಷದ ಕೂಸಿಗೆ ಬರುವ ಒಂದೇ ಮಾತು ಯಾವುದಿರುತ್ತದೆ? ಅದು ಯಾರನ್ನು ಕರೆಯುತ್ತದೆ? ಮನೆ ತುಂಬ ತಮ್ಮ ತಂಗಿಯರು ಅಕ್ಕಾ ಅಕ್ಕಾ ಎಂದು ಕೂಗುವ ಮನೆಯಲ್ಲಿ ಹುಟ್ಟಿದ ಕೂಸು ತನ್ನ ತಾಯಿಯನ್ನು ಇನ್ನೇನೆಂದು ಕರೆದೀತು? ಹೆತ್ತ ಅಪ್ಪನನ್ನು ನಲವತ್ತು ವರ್ಷ ಅಣ್ಣಾ ಎಂದು ಕೂಗಿದವಳು ನಾನು. ಅದನ್ನು ದಿನಾ ಕೇಳಿಸಿಕೊಂಡವಳು ಅಮ್ಮ. ಇಬ್ಬರಲ್ಲಿ ಒಬ್ಬಳಿಗಾದರೂ ಹೊಳೆಯಬಾರದಿತ್ತೇ? ನನ್ನ ಮೇಲೆ ನನಗೇ ಅಸಾಧ್ಯ ಕೋಪ ಬಂತು.

ಆದರೂ ಇದು ನನ್ನ ಊಹೆ. ಊಹೆಯ ಮೇಲೆ ಅಮ್ಮನಿಗೆ ತಾಯಿಯನ್ನು ಕೊಟ್ಟು ನಾಳೆ ಕಿತ್ತುಕೊಳ್ಳುವ ಹಾಗಾದರೆ? ದಾರಿಯುದ್ದಕ್ಕೂ ಅದೇ ಯೋಚನೆ. ಮನೆ ಮುಟ್ಟುವ ಹೊತ್ತಿಗೆ ಒಂದು ತೀರ್ಮಾನಕ್ಕೆ ಬಂದಿದ್ದೆ. ನಾನು ಏನೂ ಹೇಳುವುದಿಲ್ಲ, ಓದಿ ಹೇಳುವುದೂ ಇಲ್ಲ. ಅವಳೇ ಓದಲಿ.

ಅಮ್ಮ ಕಿಟಕಿಯ ಬಳಿ, ಬೆಳಕು ಬೀಳುವ ಕುರ್ಚಿಯಲ್ಲಿ ಕೂತಿದ್ದಳು. ಅವಳ ತೊಡೆಯ ಮೇಲೆ ಮೊದಲನೇ ಕಾಗದ ಇಟ್ಟೆ, ಕೈಯಲ್ಲಿ ಗಡಿಯಾರದಜ್ಜನ ಹಳೆಯ ಭೂತಕನ್ನಡಿ ಇಟ್ಟೆ.

“ಬೇಡ ಅಂದಿದ್ನಲ್ಲ?”

“ಅಂದಿದ್ದೆ. ಈಗ ಓದು.”

“ನೀನೇ ಓದಿಬಿಟ್ಟಿದ್ದೀಯಲ್ಲ.”

“ನನಗೆ ಬರೆದದ್ದಲ್ಲ ಅದು. ಎಡಗಣ್ಣು ಎಷ್ಟು ದಿನ ಇರುತ್ತೋ ಡಾಕ್ಟರಿಗೇ ಗೊತ್ತಿಲ್ಲ. ಆಮೇಲೆ ನನ್ನ ಕೈಲಿ ಓದಿಸ್ಬೇಕಾಗುತ್ತೆ. ನಾನು ಓದಲ್ಲ, ಈಗಲೇ ಹೇಳಿದೀನಿ.”

“ಎಂಥ ಕಲ್ಲುಮನಸ್ಸಿನೋಳೇ ನೀನು.”

“ನಿನ್ನ ಮಗಳೇ.”

ಎದುರಿಗೆ ಸ್ಟೂಲು ಹಾಕಿಕೊಂಡು ಕೂತೆ. ಅಮ್ಮ ಒಂದಷ್ಟು ಹೊತ್ತು ಕಿಟಕಿಯ ಹೊರಗೆ ನೋಡಿದಳು, ಆಮೇಲೆ ನನ್ನ ಕಡೆ ನೋಡಿದಳು. ನಾನು ಏಳುವ ಲಕ್ಷಣ ಕಾಣಲಿಲ್ಲ. ಕೊನೆಗೆ ಭೂತಕನ್ನಡಿ ಎತ್ತಿ, ಕಾಗದವನ್ನು ಎಡಗಣ್ಣಿನ ನೇರಕ್ಕೆ ಸರಿಸಿ, ಒಂದೊಂದೇ ಅಕ್ಷರ ಕೂಡಿಸಿ ಓದತೊಡಗಿದಳು.

“ಎದೆ ಹದಿನೆಂಟು, ಉದ್ದ ಹದಿನೈದು, ತೋಳು ನಾಲ್ಕು. ಎರಡು ಫ್ರಾಕು ಕಳಿಸಿದ್ದೇನೆ. ಇಲ್ಲಿ ಎಲ್ಲರೂ ಕ್ಷೇಮ. ನನ್ನ ಕುಪ್ಪಸ ಮಾತ್ರ ಇನ್ನೂ ಒದ್ದೆಯಾಗುತ್ತಲೇ ಇದೆ, ಇನ್ನೆಷ್ಟು ದಿನವೋ...”

ಅಲ್ಲಿಗೆ ನಿಂತಳು. ಮುಂದಿನ ಸಾಲಿಗೆ ಹೋಗಲಿ, ಆ ಒಂದು ಮಾತಿಗೆ ಹೋಗಲಿ ಎಂದು ನಾನು ಕಾಯುತ್ತಿದ್ದೆ. ಅವಳು ಹೋಗಲಿಲ್ಲ. ಅದೇ ಸಾಲನ್ನು ಮತ್ತೆ ಓದಿದಳು, ಈ ಸಲ ಬಾಯೊಳಗೇ.

“ಮಳೆಗಾಲ ಇರ್ಬೇಕು ಅಮ್ಮ. ಬಟ್ಟೆ ಒಣಗಿಲ್ಲ ಅಂತ ಬರೆದಿದಾಳೆ,” ಎಂದೆ. ನಾನು ಪ್ರತಿ ಸಲವೂ ಹಾಗೆಯೇ ಓದಿಕೊಂಡಿದ್ದೆ. ಹೊಲಿಗೆಯವಳು ಬಟ್ಟೆಯ ಮಾತಾಡುತ್ತಾಳೆ, ಅದರಲ್ಲೇನಿದೆ?

ಅಮ್ಮ ಕಾಗದ ಕೆಳಗಿಳಿಸಿ ನನ್ನ ಕಡೆ ತಿರುಗಿದಳು. “ನೀನು ಹೆತ್ತೋಳಲ್ಲ. ನಿನಗೆ ಗೊತ್ತಾಗಲ್ಲ,” ಎಂದಳು. ಅವಳ ಎಡಗೈ ತನ್ನಷ್ಟಕ್ಕೆ ತಾನೇ ಎದೆಯ ಮೇಲೆ ಹೋಗಿತ್ತು. “ಇದು ಹಾಲು ಕಣೆ. ಹಾಲು ಕುಡಿಯೋ ಮಗೂನ ಬಿಡಿಸಿದ್ರೆ ಹೀಗಾಗುತ್ತೆ. ಅಕ್ಕಂಗೆ ಹೀಗೆಲ್ಲಿಂದ ಆಗುತ್ತೆ?”

“ನಾನು ಅಪ್ಪನ್ನ ಏನಂತ ಕರೀತಿದ್ದೆ ಅಮ್ಮ?” ಎಂದಷ್ಟೇ ಕೇಳಿದೆ.

ಅವಳು ಭೂತಕನ್ನಡಿ ಎತ್ತಿ ಮುಂದಿನ ಸಾಲು ಓದಿದಳು. ಬರುವ ಮಾತು ಅದೊಂದೇ ಎಂಬಲ್ಲಿಗೆ ಬಂದಾಗ ಭೂತಕನ್ನಡಿಯನ್ನು ತೊಡೆಯ ಮೇಲಿಟ್ಟಳು. ಅಮ್ಮ ಅತ್ತದ್ದನ್ನು ನಾನು ಅಣ್ಣ ಹೋದ ದಿನವೂ ಅಷ್ಟಾಗಿ ನೋಡಿರಲಿಲ್ಲ. ಆ ದಿನ ಅವಳು ಸೆರಗಿಲ್ಲ ಮರೆಯಿಲ್ಲ, ನನ್ನೆದುರೇ ಬಿಕ್ಕಿ ಬಿಕ್ಕಿ ಅತ್ತಳು. “ಯಾರನ್ನೂ ಇಟ್ಕೊಂಡಿರ್ಲಿಲ್ಲವಾ ಹಾಗಾದ್ರೆ? ಇದ್ದೋಳು ನಾನೊಬ್ಬಳೇನಾ?” ಎಂದು ಎರಡೆರಡು ಸಲ ಕೇಳಿದಳು. “ಒಬ್ಬಳೇ ಅಮ್ಮ, ಒಬ್ಬಳೇ,” ಎಂದೆ. ನಾನೂ ಅಳುತ್ತಿದ್ದೆ.

ಒಂದೇ ಕಾಗದಕ್ಕೆ ಬಿಡುವವಳಲ್ಲ ಅವಳೂ. ಸಂಜೆಯ ಬೆಳಕಿರುವವರೆಗೆ ನಾಲ್ಕು ಓದಿದಳು. ಮಿಕ್ಕವನ್ನು ಮರುದಿನ ಬೆಳಿಗ್ಗೆ. ಅಕ್ಷರ ದೊಡ್ಡದಾಗುತ್ತ ಬಂದ ಹಾಗೆ ಅವಳಿಗೆ ಓದು ಸಲೀಸಾಯಿತು. ಒಂಬತ್ತನೆಯದಕ್ಕೆ ಭೂತಕನ್ನಡಿ ಬದಿಗಿಟ್ಟಳು. “ಇದು ನನಗೋಸ್ಕರವೇ ಬರೆದ ಹಾಗಿದೆ ನೋಡು,” ಎಂದು ಮೂಗೊರೆಸಿಕೊಂಡು ನಕ್ಕಳು. ಗಂಡ ಹೋದದ್ದು, ಕಣ್ಣು ಹೋಗುವುದು ಖಂಡಿತ ಎಂದು ವೈದ್ಯರು ಹೇಳಿದ್ದು, ಕಣ್ಣಿಲ್ಲದವಳ ಕೈಯಲ್ಲಿ ಮಗು ಬೆಳೆಯಬಾರದೆಂದು ಕೊಟ್ಟದ್ದು, ಎಲ್ಲವೂ ಅಲ್ಲಲ್ಲಿ ಒಂದೊಂದು ತುಂಡು ಸಾಲಿನಲ್ಲಿತ್ತು, ಯಾರ ಗಂಡ, ಯಾರ ಮಗು ಎಂದು ಮಾತ್ರ ಬರೆದಿರಲಿಲ್ಲ. ಅಕ್ಕ ಎಂದರೆ ಯಾರೆಂದು ಗೊತ್ತಿಲ್ಲದೆ ಓದಿದ್ದಾಗ ಅವು ನನಗೆ ಯಾರದೋ ಮನೆಯ ಕಷ್ಟದ ಹಾಗೆ ಕಂಡಿದ್ದವು.

ಹನ್ನೊಂದನೆಯದು ಅಮ್ಮ ಬೇಡ ಎಂದು ಬರೆಸಿದ್ದಕ್ಕೆ ಬಂದ ಉತ್ತರ. ಅದನ್ನು ಓದಿಸಲು ನನಗೆ ಭಯವಿತ್ತು. ಇಷ್ಟಕ್ಕೆ ಸಾಕು ಎಂದು ಮಡಚಿಡಲು ನೋಡಿದೆ, ಅಮ್ಮ ಕೈ ಚಾಚಿದಳು.

“ಕೊಡು. ನನ್ನ ತಪ್ಪನ್ನ ನಾನೇ ಓದ್ಕೋತೀನಿ.”

ಒಂದು ಸಾಲಿನ ಮೇಲೆ ಇನ್ನೊಂದು ಬಿದ್ದಿದ್ದ ಆ ಕಾಗದವನ್ನು ಬಿಡಿಸಿ ಓದಲು ಅವಳಿಗೆ ಅರ್ಧ ಗಂಟೆ ಹಿಡಿಯಿತು. “ಫ್ರಾಕು ಬೇಡವೆಂದಳೆಂದು ಬರೆದಿದ್ದೀರಿ. ಬೇಡ ಎನ್ನುವಷ್ಟು ದೊಡ್ಡವಳಾದಳಲ್ಲ, ಸಂತೋಷ. ನನಗೂ ಈಗ ಸೂಜಿ ಪೋಣಿಸಲು ಯಾರಾದರೂ ಬೇಕು. ಇನ್ನು ಕಳಿಸುವುದಿಲ್ಲ. ಅವಳನ್ನು ಬಯ್ಯಬೇಡಿ. ಅಳತೆ ಮಾತ್ರ ಕಳಿಸುತ್ತಿರಿ. ಹೊಲಿಯಲಿಕ್ಕಲ್ಲ, ಸುಮ್ಮನೆ. ಇಂತಿ, ಅಕ್ಕ.”

ಅಮ್ಮ ಕಾಗದವನ್ನು ಅದರದೇ ಮಡಿಕೆಯಲ್ಲಿ ಮಡಚಿದಳು.

“ಕಳಿಸಿದ್ರಾ?”

“ಗೊತ್ತಿಲ್ಲ ಅಮ್ಮ. ಇದೇ ಕೊನೇ ಕಾಗದ.”

“ಕಳಿಸಿರಲ್ಲ ಬಿಡು. ಸಾಕಿದ ಅಮ್ಮಂಗೆ ಹೆದರಿಕೆ ಇತ್ತು, ಎಲ್ಲಿ ನನ್ನನ್ನ ವಾಪಸ್ ಕೇಳ್ತಾರೋ ಅಂತ. ಪಾಪ, ಅವಳದೂ ತಪ್ಪಲ್ಲ.” ಕುರ್ಚಿಯ ತೋಳು ಹಿಡಿದು ಎದ್ದು ನಿಂತಳು. “ಟೇಪೆಲ್ಲಿ?”

“ಯಾಕೆ?”

“ತಗೊಂಡು ಬಾ ಅಂದೆ.”

ಟೇಪು ತಂದೆ. ಅಮ್ಮ ಕೈಗಳನ್ನು ಮಕ್ಕಳ ಹಾಗೆ ಎರಡೂ ಕಡೆಗೆ ಚಾಚಿ ನಿಂತಳು. ನಾನು ಎದೆ ಅಳೆದೆ, ಉದ್ದ ಅಳೆದೆ, ತೋಳು ಅಳೆದೆ. “ಎರಡು ಸಲ ಹೇಳು, ತಪ್ಪಾಗ್ಬಾರ್ದು,” ಎಂದಳು. ಎರಡು ಸಲ ಹೇಳಿದೆ. ಎದೆ ಮೂವತ್ತನಾಲ್ಕು, ಉದ್ದ ನಲವತ್ತು, ತೋಳು ಒಂಬತ್ತು. ಒಂದು ಚೀಟಿಯಲ್ಲಿ ಬರೆಸಿ, ಮೊದಲು ತಾರೀಖು ಹಾಕು ಎಂದು ಜ್ಞಾಪಿಸಿ, ಡಬ್ಬಿಯಲ್ಲಿ ಹನ್ನೊಂದನೇ ಲಕೋಟೆಯ ಹಿಂದೆ ಇಟ್ಟಳು. ಹಳದಿ ಫ್ರಾಕನ್ನು ಮಾತ್ರ ಡಬ್ಬಿಗೆ ಹಾಕಲು ಬಿಡಲಿಲ್ಲ. ಅದು ಈಗಲೂ ಅವಳ ದಿಂಬಿನ ಕೆಳಗಿದೆ.

ಊರು ಯಾವುದೆಂದು ನನಗೆ ಇನ್ನೂ ಗೊತ್ತಾಗಿಲ್ಲ, ಹುಡುಕುವುದನ್ನೂ ಬಿಟ್ಟಿಲ್ಲ. ಆ ಸೈಕಲ್ ಬೆಲ್ಲಿನ ಅಂಗಡಿಯವನ ಮೊಮ್ಮಗನ ವಿಳಾಸ ಹಿಡಿದುಕೊಂಡು ಬನ್ನಿ ಎಂದು ಸ್ಟಾಂಪ್ ಮಾವನನ್ನು ಅಟ್ಟಿದ್ದೇನೆ.

ಆರು ವಾರಕ್ಕೆ ಸರಿಯಾಗಿ ಆಸ್ಪತ್ರೆಗೆ ಹೋದೆವು, ಈ ಸಲ ಇಬ್ಬರ ಹೆಸರಲ್ಲೂ ಚೀಟಿ. ಕೌಂಟರಿನಲ್ಲಿ ಅದೇ ಗುಮಾಸ್ತೆ. ಅಮ್ಮನ ಫೈಲು ತೆಗೆದು ತಿರುವುತ್ತಿರುವಾಗಲೇ ಅಮ್ಮ ಕೌಂಟರಿನ ಮೇಲೆ ಕೈಯೂರಿದಳು.

“ಅಲ್ಲಿ ಅಡ್ಡಗೆರೆ ಹಾಕಿದೀಯಲ್ಲ, ಅದನ್ನ ಹೊಡೆದುಹಾಕಿ ಬರ್ಕೊ. ನಮ್ಮ ಅಕ್ಕಂಗೆ ಇದೇ ಕಾಯಿಲೆ ಇತ್ತು. ಸಣ್ಣ ವಯಸ್ಸಿಗೇ ಎರಡೂ ಕಣ್ಣು ಹೋಗಿತ್ತು.”

ಗುಮಾಸ್ತೆ ಪೆನ್ನು ತೆಗೆದು ಒಡಹುಟ್ಟಿದವರ ಕಾಲಮ್ಮಿಗೆ ಕೈಹಾಕಿದಳು. ಅಮ್ಮ ಬಗ್ಗಿ, ಎಡಗಣ್ಣನ್ನು ಫಾರಮ್ಮಿಗೆ ತಾಗುವಷ್ಟು ಹತ್ತಿರ ತಂದು, ಅವಳ ಪೆನ್ನಿನ ತುದಿಯನ್ನು ಬೆರಳಿನಿಂದ ತಡೆದಳು.

“ಅಲ್ಲಲ್ಲ. ಮೇಲಿನದು.”

“ಅದು ತಾಯಿ ಕಾಲಮ್ಮು ಅಜ್ಜಿ. ನೀವು ಅಕ್ಕ ಅಂದ್ರಲ್ಲ?”

“ಅಕ್ಕ ಅಂತಲೇ ಅಂದಿದ್ದು,” ಎಂದಳು ಅಮ್ಮ. “ನಾನು ನಮ್ಮಮ್ಮನ್ನ ಕರೀತಿದ್ದಿದ್ದೇ ಹಾಗೆ.”